ಕಲಬುರಗಿ ಹಿಟ್ಟು, ಪರದೇಶದ ಒಲೆ: ಜೋಳದ ರೊಟ್ಟಿಗೆ ಒಂದು ಸಮಗ್ರ ಮಾರ್ಗದರ್ಶಿ

ಸ್ಟುಟ್‌ಗಾರ್ಟ್‌ನ ಬಾಡಿಗೆ ಮನೆಯಲ್ಲಿ ನಾನು ಬಡಿದ ಮೊದಲ ರೊಟ್ಟಿ ಹಂಚು ಮುಟ್ಟುವ ಮೊದಲೇ ಮೂರು ತುಂಡಾಗಿತ್ತು. ಆ ತುಂಡುಗಳನ್ನೇ ಬೇಯಿಸಿ, ಫೋಟೊ ತೆಗೆದು ಕಲಬುರಗಿಗೆ ಕಳಿಸಿದೆ. ಅವ್ವ ಫೋನ್ ಮಾಡಿದಳು. ಬೈಯಲಿಲ್ಲ, ನಗಲೂ ಇಲ್ಲ. "ಹಿಟ್ಟು ಯಾವಾಗ ಬೀಸಿದ್ದು?" ಅಂತ ಒಂದೇ ಮಾತು ಕೇಳಿದಳು. ಪ್ಯಾಕೆಟ್ ತಿರುಗಿಸಿ ನೋಡಿದೆ. ಹನ್ನೊಂದು ತಿಂಗಳ ಹಿಂದಿನದು.

"ಅದರಾಗ ಜಿಗಿ ಎಲ್ಲಿಂದ ಬರಬೇಕು ತಮ್ಮಾ? ನಿನ್ನ ಕೈದು ತಪ್ಪಿಲ್ಲ ಬಿಡು."

ಕೈಯದೂ ತಪ್ಪಿತ್ತು ಅನ್ನುವುದು ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಗೊತ್ತಾಯಿತು. ನಮ್ಮ ಕಡೆ ಗಂಡುಮಕ್ಕಳು ರೊಟ್ಟಿ ತಿನ್ನುವುದರಲ್ಲಿ ಪರಿಣತರೇ ಹೊರತು ಬಡಿಯುವುದರಲ್ಲಿ ಅಲ್ಲ. ಬ್ರಹ್ಮಪುರದ ನಮ್ಮ ಅಡುಗೆಮನೆಯಲ್ಲಿ ನಾನು ಹಿಟ್ಟು ನಾದುವ ಪರಾತದ ಮುಂದೆ ಕೂತದ್ದನ್ನು ನೋಡಲು ಪಕ್ಕದ ಮನೆಯವರೂ ಬಂದಿದ್ದರು. ಎಂಟು ದಿನ ವೈನಿ (ಅತ್ತಿಗೆ) ಪಕ್ಕದಲ್ಲೇ ಕೂತು ತಿದ್ದಿದಳು. ಆಗ ಕಲಿತದ್ದು, ಆಮೇಲೆ ಏಳು ವರ್ಷ ಜರ್ಮನಿಯ ಒಲೆಯ ಮೇಲೆ ಕೆಡಿಸಿ ಕೆಡಿಸಿ ಕಲಿತದ್ದು, ಎರಡೂ ಇಲ್ಲಿವೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹೊರಗೆ ಹೋಗಿ ವರ್ಷಕ್ಕೊಮ್ಮೆ ಊರಿಗೆ ಬರುವವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪರದೇಶದ ರೊಟ್ಟಿಯ ಅರ್ಧ ಹಣೆಬರಹ ಊರಿನ ಗಿರಣಿಯಲ್ಲೇ ತೀರ್ಮಾನವಾಗಿರುತ್ತದೆ.

ಜೋಳ ನೋಡಿ ತಗೊಳ್ಳುವುದು

ಅಂಗಡಿಯಲ್ಲಿ ಸುಮ್ಮನೆ "ಜೋಳ ಕೊಡ್ರಿ" ಅನ್ನಬೇಡಿ. ಹಿಂಗಾರಿ ಬಿಳಿಜೋಳ ಬೇಕು ಅನ್ನಿ, ಮಾಲ್ದಂಡಿ ತಳಿಯದೇ ಏನು ಅಂತ ಕೇಳಿ. ಕಪ್ಪು ಎರೆ ಭೂಮಿಯಲ್ಲಿ ಸೆಪ್ಟೆಂಬರ್–ಅಕ್ಟೋಬರಿಗೆ ಬಿತ್ತಿ, ನೆಲದಲ್ಲಿ ಉಳಿದ ಹಸಿ ಮತ್ತು ಇಬ್ಬನಿಯ ಮೇಲೆ ಬೆಳೆದು, ಫೆಬ್ರುವರಿ–ಮಾರ್ಚಿಗೆ ಕೊಯ್ಲಿಗೆ ಬರುವ ಜೋಳ ಇದು. ಕಾಳು ಬಲಿಯುವಾಗ ಮಳೆ ಇರುವುದಿಲ್ಲವಾದ್ದರಿಂದ ಮುತ್ತಿನ ಬಣ್ಣ ಉಳಿಯುತ್ತದೆ. ಮುಂಗಾರಿನ ಹೈಬ್ರಿಡ್ ಜೋಳಕ್ಕೆ ತೆನೆ ಕಟ್ಟುವ ಹೊತ್ತಿಗೆ ಮಳೆ ಹಿಡಿದರೆ ಬೂಸ್ಟು ಬಂದು ಕಾಳು ಕಪ್ಪಡರುತ್ತದೆ. ರೊಟ್ಟಿಯೂ ಮಾಸಲು, ರುಚಿಯೂ ಸಪ್ಪೆ.

ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿಯಿರಿ. ಕಾಳು ದುಂಡಗೆ, ಕೆನೆಬಣ್ಣಕ್ಕೆ ಹೊಳೆಯಬೇಕು. ಎರಡು ಕಾಳು ಹಲ್ಲಿಗೆ ಹಾಕಿ. ಕಟ್ ಅಂತ ಒಡೆದರೆ ಒಣಗಿದೆ, ಮೆತ್ತಗೆ ಕೂತರೆ ಹಸಿ ಇದೆ. ಹಸಿ ಕಾಳಿನ ಹಿಟ್ಟು ಚೀಲದಲ್ಲೇ ಗಂಟು ಕಟ್ಟುತ್ತದೆ. ನಾನು ಗಂಜಿನಲ್ಲಿ, ಅಂದರೆ ಊರಿನ ಧಾನ್ಯದ ಪೇಟೆಯಲ್ಲಿ, ತರುತ್ತೇನೆ. ಅಲ್ಲಿ ಕಾಳು ಬಾಯಿಗೆ ಹಾಕಿದರೆ ಯಾರೂ ಮುಖ ನೋಡುವುದಿಲ್ಲ.

ಎಷ್ಟು ಬೇಕು? ಒಂದು ರೊಟ್ಟಿಗೆ 60ರಿಂದ 70 ಗ್ರಾಂ ಹಿಟ್ಟು ಹಿಡಿದರೆ, 5 ಕೆಜಿಗೆ ಎಪ್ಪತ್ತರಿಂದ ಎಂಬತ್ತು ರೊಟ್ಟಿ. ವಾರಕ್ಕೊಮ್ಮೆ ಮಾಡುವ ಇಬ್ಬರ ಮನೆಗೆ ನಾಲ್ಕೈದು ತಿಂಗಳು ಸಾಕು. ಅದಕ್ಕಿಂತ ಹೆಚ್ಚು ಹೊತ್ತುಕೊಂಡು ಹೋಗಿ ಹಳಸುವುದು ಬೇಡ.

ಗಿರಣಿ

ಹೊರಡುವ ಎರಡು ದಿನ ಮೊದಲು ಬೀಸಿಸಿ. ಅದಕ್ಕೂ ಮುಂಚೆ ಬೇಡ. ಹಿಂದಿನ ದಿನವೇ ಬೀಸಿಸಿದರೆ ಹಿಟ್ಟು ಆರಲು ಹೊತ್ತು ಸಾಲುವುದಿಲ್ಲ. ಗಿರಣಿಯವನಿಗೆ ಹೇಳಬೇಕಾದ ಮಾತು ಎರಡೇ. ಒಂದು, ಸಣ್ಣಗೆ ಬೀಸು. ಎರಡು, ಜೋಳದ ಮೇಲೆ ಜೋಳ ಹಾಕು. ನಿಮಗಿಂತ ಮೊದಲು ಮೆಣಸಿನಕಾಯಿ ಬೀಸಿದ್ದರೆ ನಿಮ್ಮ ಹಿಟ್ಟು ಜರ್ಮನಿ ತನಕ ಸೀನಿಸುತ್ತದೆ. ಕಡಲೆ ಬೀಸಿದ್ದರೆ ಬಣ್ಣ ಕೆಡುತ್ತದೆ. ಸರದಿ ಬಿಟ್ಟುಕೊಟ್ಟಾದರೂ ಕಾಯಿರಿ.

ಗಿರಣಿಯಿಂದ ಬಂದ ಹಿಟ್ಟು ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಹಾಗೇ ಪ್ಲಾಸ್ಟಿಕ್ಕಿಗೆ ತುಂಬಿದರೆ ಒಳಗೆ ಬೆವರುತ್ತದೆ, ಹದಿನೈದು ದಿನಕ್ಕೆ ಮುಗ್ಗಲು ವಾಸನೆ. ನಮ್ಮ ಮನೆಯಲ್ಲಿ ಶಾಬಾದ್ ಕಲ್ಲಿನ ನೆಲದ ಮೇಲೆ ಹಳೆಯ ಧೋತರ ಹಾಸಿ ಹಿಟ್ಟು ಹರವುತ್ತಾರೆ. ಕಲ್ಲು ತಂಪು, ರಾತ್ರಿಯೊಳಗೆ ಆರುತ್ತದೆ. ಮರುದಿನ ಒಂದೊಂದು ಕೆಜಿಯ ದಪ್ಪ ಚೀಲಗಳಲ್ಲಿ, ಗಾಳಿ ಹಿಂಡಿ ತೆಗೆದು ಕಟ್ಟಿ. ಒಂದೊಂದು ಕೆಜಿ ಯಾಕೆಂದರೆ, ಅಲ್ಲಿ ತಲುಪಿದ ಕೂಡಲೇ ಒಂದನ್ನು ಹೊರಗಿಟ್ಟು ಉಳಿದ ನಾಲ್ಕನ್ನು ಫ್ರೀಜರಿಗೆ ಹಾಕಬೇಕು. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆ ಇರುತ್ತದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಾಗಿ ಹಿಟ್ಟು ನಿಧಾನಕ್ಕೆ ಕಹಿಯಾಗುತ್ತದೆ. ಚಳಿಯಲ್ಲಿಟ್ಟರೆ ಆ ಕೆಲಸ ತಡವಾಗುತ್ತದೆ. ಫ್ರೀಜರಿನಿಂದ ತೆಗೆದ ಚೀಲವನ್ನು ಮನೆಯ ಬಿಸಿಗೆ ಬರುವ ತನಕ ಬಿಚ್ಚಬಾರದು. ಬಿಚ್ಚಿದರೆ ಗಾಳಿಯ ಹಸಿಯೆಲ್ಲ ಹಿಟ್ಟಿಗೇ.

ಹಿಂಡಿ

ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು (ಹುಚ್ಚೆಳ್ಳು) ಹಿಂಡಿ ಮೂರೂ ಪ್ರಯಾಣಕ್ಕೆ ಒಳ್ಳೆಯ ಜೊತೆ. ಆದರೆ ಜಾಗ ಕಡಿಮೆ ಇದ್ದರೆ ಗುರೆಳ್ಳು ತನ್ನಿ, ಶೇಂಗಾ ಬಿಡಿ. ಶೇಂಗಾ ಎಲ್ಲ ದೇಶದಲ್ಲೂ ಸಿಗುತ್ತದೆ, ಅಗಸಿಯಂತೂ ಜರ್ಮನಿಯಲ್ಲಿ ಪ್ರತಿ ಸೂಪರ್‌ಮಾರ್ಕೆಟ್ಟಿನಲ್ಲಿದೆ. ಗುರೆಳ್ಳನ್ನು ಮಾತ್ರ ಅಲ್ಲಿ ಹಕ್ಕಿಗೆ ಹಾಕುವ ಕಾಳಿನ ಚೀಲದಲ್ಲಿ ನೋಡಿದ್ದೇನೆ. ನೋಡಿ ಸ್ವಲ್ಪ ಬೇಜಾರೂ ಆಯಿತು.

ಶೇಂಗಾ ಹಿಂಡಿಯನ್ನು ಅಲ್ಲೇ ಮಾಡಿಕೊಳ್ಳುವ ಬಗೆ ಹೀಗೆ: ಕಾಲು ಕೆಜಿ ಉಪ್ಪಿಲ್ಲದ ಹಸಿ ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಬಿಡುವ ತನಕ ಹುರಿದು, ಪೂರ್ತಿ ಆರಿಸಿ, ತಿಕ್ಕಿ ಸಿಪ್ಪೆ ಊದಿ. ಹತ್ತು ಹನ್ನೆರಡು ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಿಗೆ, ಎರಡು ದೊಡ್ಡ ಚಮಚ ಖಾರಪುಡಿ, ಉಪ್ಪು. ಮೊದಲು ಬಳ್ಳೊಳ್ಳಿ, ಜೀರಿಗೆ, ಖಾರ, ಉಪ್ಪನ್ನು ಮಿಕ್ಸರಿನಲ್ಲಿ ಒಂದು ಸುತ್ತು, ಆಮೇಲೆ ಶೇಂಗಾ. ಗುಂಡಿ ಒತ್ತಿ ಬಿಡಿ, ಒತ್ತಿ ಬಿಡಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಬೇಕಾಗುತ್ತದೆ. ಒರಳಲ್ಲಿ ಕುಟ್ಟಿದರೆ ರುಚಿಯೇ ಬೇರೆ. ಆದರೆ ಕೆಳಗಿನ ಮನೆಯವರು ಭಾನುವಾರ ಸದ್ದಾದರೆ ಬಾಗಿಲು ತಟ್ಟುತ್ತಾರೆ.

ಖಡಕ್ ರೊಟ್ಟಿ ಕಟ್ಟುವುದು

ಮನೆಯಲ್ಲಿ ಮಾಡುವವರಿದ್ದರೆ ಪುಣ್ಯ. ಇಲ್ಲದಿದ್ದರೆ ಕಲಬುರಗಿಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಓಣಿಗೊಬ್ಬರಿದ್ದಾರೆ. ಈಗ ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿ "ಕಲಬುರಗಿ ರೊಟ್ಟಿ" ಅನ್ನುವ ಹೆಸರಿನಲ್ಲೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಚೆನ್ನಾಗಿ ತಾಳುತ್ತದೆ. ಡಿಸೆಂಬರ್–ಜನವರಿಗೆ ಊರಿಗೆ ಹೋದರೆ ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ಮಾಡಿದ್ದರಲ್ಲೇ ಹತ್ತು ಎತ್ತಿಟ್ಟುಕೊಳ್ಳಿ. ಹಬ್ಬದ ಸೊಪ್ಪು-ಕಾಳಿನ ಭಜ್ಜಿಯನ್ನು ಹೊಲದಲ್ಲೇ ತಿಂದು ಮುಗಿಸಿ, ಅದು ಎಲ್ಲಿಗೂ ಬರುವುದಿಲ್ಲ.

ಮೊದಲ ಸಲ ನಾನು ಐವತ್ತು ಖಡಕ್ ರೊಟ್ಟಿಯನ್ನು ಬಟ್ಟೆಗಳ ನಡುವೆ ಇಟ್ಟುಕೊಂಡು ಹೋದೆ. ಹೈದರಾಬಾದಿನ ತನಕ ರೈಲಿನಲ್ಲಿ ಮಡಿಲಲ್ಲಿಟ್ಟು ಕಾಯ್ದದ್ದೂ ವ್ಯರ್ಥ. ಅಲ್ಲಿ ಚೀಲ ಬಿಚ್ಚಿದಾಗ ಅಂಗಿಯ ಜೇಬಿನಲ್ಲೂ ರೊಟ್ಟಿಯ ಪುಡಿ ಇತ್ತು. ಈಗ ಮಾಡುವುದು ಹೀಗೆ. ರೊಟ್ಟಿಗಿಂತ ಒಂದು ಬೆರಳು ಅಗಲದ ಎರಡು ಸ್ಟೀಲ್ ತಟ್ಟೆ. ಕೆಳಗಿನ ತಟ್ಟೆಯಲ್ಲಿ ಮಡಿಸಿದ ಹತ್ತಿಯ ಬಟ್ಟೆ, ಅದರ ಮೇಲೆ ಇಪ್ಪತ್ತು ರೊಟ್ಟಿ, ಮೇಲೆ ಮತ್ತೆ ಬಟ್ಟೆ, ಅದರ ಮೇಲೆ ಎರಡನೇ ತಟ್ಟೆ ಬೋರಲು. ಹಳೆಯ ಪಂಚೆಯಲ್ಲಿ ಬುತ್ತಿ ಕಟ್ಟಿದ ಹಾಗೆ ಬಿಗಿಯಾಗಿ ಗಂಟು. ಅಲುಗಾಡಲು ಜಾಗ ಇದ್ದರೆ ಮಾತ್ರ ರೊಟ್ಟಿ ಒಡೆಯುತ್ತದೆ. ಭಾರಕ್ಕೆ ಅಷ್ಟು ಬೇಗ ಒಡೆಯುವುದಿಲ್ಲ. ಗಂಟನ್ನು ಸೂಟ್‌ಕೇಸಿನ ನಡುವೆ, ಹಿಟ್ಟಿನ ಚೀಲಗಳ ಮೇಲೆ ಮಲಗಿಸಿ ಇಡಿ. ನಿಲ್ಲಿಸಿ ಇಡಬೇಡಿ.

ಆದರೂ ಐದಾರು ಒಡೆಯುತ್ತವೆ. ಚೂರುಗಳನ್ನು ಎಸೆಯಬೇಡಿ. ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಶೇಂಗಾ ಹಾಕಿ ಒಗ್ಗರಣೆ ಮಾಡಿ, ನೀರು ಚಿಮುಕಿಸಿದ ಚೂರನ್ನು ಅದರಲ್ಲಿ ಹೊರಳಿಸಿ ಮುಚ್ಚಿಡಿ. ಇಳಿಸಿದ ಮೇಲೆ ಲಿಂಬೆಹಣ್ಣು. ಬಂದ ಮರುದಿನದ ನಾಷ್ಟಾ ಆಯಿತು.

ಚೀಲದಲ್ಲಿ ಬೇಡವಾದವು

ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವ ಹಾಗಿಲ್ಲ. ಅಂದರೆ ತುಪ್ಪ, ಪೇಡೆ, ಖೋವಾ ಎಲ್ಲ ಇಲ್ಲೇ ಬಿಡಬೇಕು. ನಾನು ಒಂದು ಸಲ ಅವ್ವನ ಮಾತು ಮೀರಲಾರದೆ ಒಂದು ಡಬ್ಬಿ ತುಪ್ಪ ಇಟ್ಟುಕೊಂಡೆ. ಅಧಿಕಾರಿ ಮೂಸಿ ನೋಡಿ, ತಲೆಯಾಡಿಸಿ, ಡಬ್ಬಿ ಸಮೇತ ಕಸಕ್ಕೆ ಹಾಕಿದ. ಆ ಡಬ್ಬಿ ಅಜ್ಜಿಯದು. ತುಪ್ಪ ಹೋದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು. ತುಪ್ಪಕ್ಕೆ ಅಲ್ಲೇ ದಾರಿ ಇದೆ. ಜರ್ಮನಿಯಲ್ಲಿ ಸಾವರ್‌ರಾಮ್ ಅಂತ ಬರೆದ ಬೆಣ್ಣೆ ತೆಗೆದುಕೊಳ್ಳಿ, ಅದು ಹುಳಿ ಬರಿಸಿದ ಕೆನೆಯಿಂದ ತೆಗೆದದ್ದು. ಕಾಯಿಸಿದರೆ ನಮ್ಮ ಮನೆಯ ಬೆಣ್ಣೆ ಕಾಯಿಸಿದ ವಾಸನೆಗೆ ತೀರ ಹತ್ತಿರ.

ಹಸಿ ಕರಿಬೇವು, ಪುಂಡಿ ಸೊಪ್ಪು, ಮಾವಿನಕಾಯಿ ಇವಕ್ಕೆಲ್ಲ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅದಿಲ್ಲದೆ ಬಿಡುವ ಹಣ್ಣು ಬೆರಳೆಣಿಕೆಯಷ್ಟು: ತೆಂಗಿನಕಾಯಿ, ಬಾಳೆ, ಖರ್ಜೂರ, ಅನಾನಸ್, ಡ್ಯುರಿಯನ್. ತೆಂಗಿನಕಾಯಿ ಸರಿ ಅಂತ ಒಣ ಕೊಬ್ಬರಿ ಬಟ್ಟಲು ತುಂಬಬೇಡಿ. ಎಣ್ಣೆ ಹೆಚ್ಚಿರುವುದರಿಂದ ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿಗೆ ಸೇರಿದೆ, ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಖಾರಪುಡಿ ಕೈಚೀಲದಲ್ಲಿ ಬೇಡ, ದೊಡ್ಡ ಸೂಟ್‌ಕೇಸಿಗೆ ಹಾಕಿ. ದುಬೈ ಮೇಲೆ ಹೋಗುವವರು ಗಸಗಸೆಯನ್ನು ಒಂದು ಚಮಚವೂ ಇಟ್ಟುಕೊಳ್ಳಬಾರದು, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಜರ್ಮನಿಯಲ್ಲೋ, ಬೇಕರಿಯ ಕೇಕಿನ ತುಂಬ ಗಸಗಸೆ!

ತೊಗರಿಬೇಳೆ ಎರಡು ಕೆಜಿ ಇಟ್ಟುಕೊಳ್ಳಿ. ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನನಗೆ ಮಾನ್ಯತೆಗಿಂತ ಅದು ಬೇಗ ಬೇಯುವುದೇ ದೊಡ್ಡದು.

ಹಿಟ್ಟು ಮುಗಿದ ಮೇಲೆ

ಮುಗಿದೇ ಮುಗಿಯುತ್ತದೆ. ಆಗ ಇಂಡಿಯನ್ ಅಂಗಡಿಯಲ್ಲಿ ಹಿಟ್ಟು ಕೊಳ್ಳುವುದಾದರೆ ಬೆಲೆ ನೋಡುವ ಮೊದಲು ಬೀಸಿದ ತಿಂಗಳು ನೋಡಿ. ಮೂರು ತಿಂಗಳು ದಾಟಿದ್ದರೆ ನಾನು ಕೈಬಿಡುತ್ತೇನೆ. ಕಾಳು ಸಿಕ್ಕರೆ ಇನ್ನೂ ಒಳ್ಳೆಯದು. ಜರ್ಮನಿಯಲ್ಲಿ ಕೆಲವು ಸಾವಯವ ಅಂಗಡಿಗಳಲ್ಲಿ ಗಿರಾಕಿಗಳಿಗೆಂದೇ ಸಣ್ಣ ಬೀಸುವ ಯಂತ್ರ ಇರುತ್ತದೆ, ಕೇಳಿದರೆ ಬೀಸಿಕೊಡುತ್ತಾರೆ. ಮೊದಲ ವರ್ಷ ನಾನು ಅಲ್ಲಿ "ಹಿರ್ಸೆ" ಅಂತ ಬರೆದ ಪೊಟ್ಟಣ ತಂದೆ. ನಿಘಂಟಿನಲ್ಲಿ ಸಿರಿಧಾನ್ಯ ಅಂತಿತ್ತು, ಜೋಳವೇ ಇರಬೇಕು ಅಂದುಕೊಂಡೆ. ಬಿಚ್ಚಿದರೆ ಹಳದಿ ಬಣ್ಣದ ಸಣ್ಣ ಕಾಳು, ನಮ್ಮ ಬರಗು! ಜೋಳ ಬೇಕಾದರೆ ಪೊಟ್ಟಣದ ಮೇಲೆ "ಸೋರ್ಗುಮ್" ಅನ್ನುವ ಮಾತು ಇರಲೇಬೇಕು.

ರೊಟ್ಟಿ

ಈಗ ಮುಖ್ಯ ಕೆಲಸ. ನಾಲ್ಕು ರೊಟ್ಟಿಗೆ ಎರಡು ಲೋಟ ಹಿಟ್ಟು, ಒಂದು ಲೋಟಕ್ಕಿಂತ ತುಸು ಹೆಚ್ಚು ನೀರು, ಚಿಟಿಕೆ ಉಪ್ಪು. ನಮ್ಮ ಮನೆಯಲ್ಲಿ ಉಪ್ಪು ಹಾಕುವುದಿಲ್ಲ, ವೈನಿಯ ತವರಲ್ಲಿ ಹಾಕುತ್ತಾರೆ. ಆ ಜಗಳದಲ್ಲಿ ನಾನು ಬೀಳುವುದಿಲ್ಲ.

ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಜೋಳದ ಹಿಟ್ಟನ್ನು ಒಂದುಗೂಡಿಸುವುದು ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಗಂಜಿಯಾಗುತ್ತದೆ, ಆ ಗಂಜಿಯೇ ಉಳಿದ ಹಿಟ್ಟಿಗೆ ಅಂಟು. ಪಿಷ್ಟ ಹಾಗೆ ಉಬ್ಬಲು 70 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಕೆಟಲಿನಲ್ಲಿ ಕುದಿಸಿ, ಬಟ್ಟಲಿಗೆ ಸುರಿದು, ಫೋನ್ ಬಂತು ಅಂತ ಎರಡು ನಿಮಿಷ ನಿಂತರೆ ಆಯಿತು, ಬಿಸಿ ಇಳಿದು ಹೋಗಿರುತ್ತದೆ. ನನ್ನ ಮೊದಲ ವರ್ಷದ ಅರ್ಧ ರೊಟ್ಟಿ ಹೀಗೇ ಹಾಳಾದವು.

ಆದ್ದರಿಂದ ಪರಾತದಲ್ಲಿ ಹಿಟ್ಟು ಗುಡ್ಡೆ ಮಾಡಿ, ನಡುವೆ ಕುಳಿ ತೆಗೆದು, ಉಕ್ಕುತ್ತಿರುವ ಎಸರನ್ನು ನೇರ ಕುಳಿಗೆ ಸುರಿಯಿರಿ. ಸುತ್ತ ಸ್ವಲ್ಪ ಒಣ ಹಿಟ್ಟು ಉಳಿದಿರಲಿ. ಚಮಚದ ಹಿಡಿಯಿಂದ ಕಲಸಿ, ಮುಚ್ಚಿ, ಐದು ನಿಮಿಷ ಬಿಡಿ. ಹಿಟ್ಟು ಹಳೆಯದಾಗಿದ್ದರೆ ಬೇರೆ ದಾರಿ: ಪಾತ್ರೆಯಲ್ಲಿ ನೀರು ಕುದಿಯುವಾಗಲೇ ಅರ್ಧ ಹಿಟ್ಟು ಹಾಕಿ, ಮುದ್ದೆಗೆ ತಿರುವಿದ ಹಾಗೆ ತಿರುವಿ, ಇಳಿಸಿ, ಉಳಿದ ಅರ್ಧ ಸೇರಿಸಿ ನಾದಿ. ಇದರಿಂದ ಜಿಗಿ ಹೋದ ಹಿಟ್ಟೂ ಒಂದು ಮಟ್ಟಿಗೆ ಬಗ್ಗುತ್ತದೆ. ಗೋಧಿ ಹಿಟ್ಟು ಬೆರೆಸಿದರೆ ಸುಲಭ ಅನ್ನುವವರಿದ್ದಾರೆ. "ಅದು ರೊಟ್ಟಿನೂ ಅಲ್ಲ, ಚಪಾತಿನೂ ಅಲ್ಲ" ಅಂತ ಅವ್ವನ ತೀರ್ಪು, ನನ್ನದೂ.

ನಾದುವುದಕ್ಕೆ ಬೆರಳಲ್ಲ, ಅಂಗೈಯ ಬುಡ. ಹಿಟ್ಟನ್ನು ಮುಂದಕ್ಕೆ ಉಜ್ಜಿ ಒತ್ತಬೇಕು, ಮಡಿಸಬೇಕು, ಮತ್ತೆ ಉಜ್ಜಬೇಕು. ತಣ್ಣೀರನ್ನು ಕೈಗೆ ಹಚ್ಚಿಕೊಳ್ಳುತ್ತ ಐದು ನಿಮಿಷ. ಮೊದಲು ಉದುರುದುರಾಗಿ ಮೊಂಡು ಮಾಡುತ್ತದೆ, ಆಮೇಲೆ ಒಮ್ಮೆಲೇ ನುಣ್ಣಗಾಗುತ್ತದೆ. ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಅಂಚು ಸೀಳದಿದ್ದರೆ ಆಯಿತು. ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಿ ಇಟ್ಟುಕೊಳ್ಳಬೇಡಿ. ಒಂದೊಂದು ಉಂಡೆಗೂ ಬಡಿಯುವ ಮುಂಚೆ ಮತ್ತೊಮ್ಮೆ ನಾದಬೇಕು.

ಬಡಿಯಲು ಊರಲ್ಲಿ ಶಾಬಾದ್ ಕಲ್ಲಿನ ಕಟ್ಟೆ ಇತ್ತು. ಜರ್ಮನಿಯ ಮನೆಯಲ್ಲಿ ಅಡುಗೆಮನೆಯ ಕಟ್ಟೆ ಮರದ ಹಲಗೆಯದು, ಬಡಿದರೆ ಕುಣಿಯುತ್ತದೆ. ಟೈಲ್ಸ್ ಅಂಗಡಿಯಿಂದ ಒಂದೂವರೆ ಅಡಿಯ ಗ್ರಾನೈಟ್ ತುಂಡು ತಂದು, ಕೆಳಗೆ ಒದ್ದೆ ಬಟ್ಟೆ ಹಾಸಿ ಕೂರಿಸಿದ್ದೇನೆ. ಒಣ ಹಿಟ್ಟು ಧಾರಾಳವಾಗಿ ಉದುರಿಸಿ. ಬಲಗೈ ಬೆರಳುಗಳನ್ನು ಜೋಡಿಸಿ, ಅಂಚಿನ ಹತ್ತಿರ ಬಡಿಯಿರಿ, ನಡುವೆ ಅಲ್ಲ. ಎಡಗೈ ಅಂಚಿಗೆ ಆಸರೆ ಕೊಡುತ್ತ ಸೀಳನ್ನು ಒಳಗೆ ತಳ್ಳುತ್ತಿರಬೇಕು. ಕೈಯ ಹೊಡೆತಕ್ಕೆ ರೊಟ್ಟಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಕೆಳಗೆ ಹಿಟ್ಟು ಸಾಲದು, ಅಲ್ಲೇ ಅಂಟಿದೆ. "ಕೈ ನೋಡಬ್ಯಾಡ, ಸಪ್ಪಳ ಕೇಳು" ಅನ್ನುತ್ತಿದ್ದಳು ವೈನಿ. ಸಪ್ಪಳ ಒಂದೇ ಸಮ ಇದ್ದರೆ ದಪ್ಪವೂ ಒಂದೇ ಸಮ. ಆರಂಭದಲ್ಲಿ ಲಟ್ಟಣಿಗೆ ಹಿಡಿದರೂ ತಪ್ಪೇನಿಲ್ಲ. ನಾನು ಒಂದು ವರ್ಷ ಅದರಲ್ಲೇ ಲಟ್ಟಿಸಿದೆ, ಅವ್ವನಿಗೆ ಹೇಳಲಿಲ್ಲ.

ಹಂಚು ಕಬ್ಬಿಣದ್ದೇ ಇರಲಿ. ಇಂಡಕ್ಷನ್ ಒಲೆಗೆ ಎರಕದ ಕಬ್ಬಿಣದ ಸಪಾಟು ಹಂಚು ಹೊಂದುತ್ತದೆ, ಆದರೆ ನಿಧಾನಕ್ಕೆ ಕಾಯಿಸಿ. ಒಮ್ಮೆಲೇ ಜೋರು ಮಾಡಿದರೆ ಬಿರುಕು ಬಿಡುತ್ತದೆ. ನೀರು ಚಿಮುಕಿಸಿದರೆ ಹನಿ ಕುಣಿದು ಓಡಬೇಕು.

ರೊಟ್ಟಿಯನ್ನು ಎತ್ತಿ, ಒಣ ಹಿಟ್ಟಿನ ಬದಿ ಮೇಲೆ ಬರುವ ಹಾಗೆ ಹಾಕಿ. ಕೂಡಲೇ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ. ಇಲ್ಲಿ ಕಣ್ಣು ಬೇರೆಡೆ ಹೋಗಬಾರದು: ನೀರು ಮಿರುಗುವಾಗ ತಿರುವಿದರೆ ಅಂಟುತ್ತದೆ, ಪೂರ್ತಿ ಆರಿದ ಮೇಲೆ ತಿರುವಿದರೆ ಬಿರಿಯುತ್ತದೆ. ಮಿರುಗು ಹೋಗಿ ಹಸಿ ಬಣ್ಣ ಉಳಿದಿರುವ ಆ ಐದಾರು ಸೆಕೆಂಡಿನಲ್ಲಿ ತಿರುವಬೇಕು. ಎರಡನೇ ಬದಿಯಲ್ಲಿ ಕಂದು ಚುಕ್ಕೆ ಬಂದ ಮೇಲೆ ಮತ್ತೆ ತಿರುವಿ, ಮಡಿಸಿದ ಬಟ್ಟೆಯಿಂದ ಅಂಚು ಒತ್ತುತ್ತ ಬನ್ನಿ. ಬೆಂಕಿ ಇಲ್ಲದ ಒಲೆಯ ಮೇಲೂ ಉಬ್ಬುತ್ತದೆ. ಮೊದಲ ಸಲ ಪೂರ್ತಿ ಉಬ್ಬಿದ ದಿನ ನಾನು ಒಬ್ಬನೇ ಮನೆಯಲ್ಲಿ ಕೂಗಿದ್ದೆ. ಅದೇ ಹೊತ್ತಿಗೆ ಹೊಗೆಯ ಅಲಾರಂ ಕೂಡ ಕೂಗಿತು. ಹಾರುವ ಒಣ ಹಿಟ್ಟು ಹಂಚಿನ ಮೇಲೆ ಸುಟ್ಟು ಹೊಗೆಯಾಗುತ್ತದೆ, ಪ್ರತಿ ರೊಟ್ಟಿಯ ನಂತರ ಹಂಚು ಒರೆಸಿ, ಕಿಟಕಿ ತೆರೆದಿಡಿ.

ಖಡಕ್ ಬೇಕಾದರೆ ಇನ್ನೂ ತೆಳ್ಳಗೆ ಬಡಿದು, ಬೇಯಿಸಿ, ಓವನ್ನಿನ ಜಾಲರಿಯ ಮೇಲೆ 100 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಿ. ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಹಬೆ ಹೋಗಲು ದಾರಿ ಮಾಡಿ. ಊರಿನ ಹಾಗೆ ಹಂಚಿನ ಮೇಲೆ ಒತ್ತಿ ಒತ್ತಿ ಒಣಗಿಸುವ ತಾಳ್ಮೆ ನನಗಿಲ್ಲ.

ಬದಿಗೆ

ಬದನೆಕಾಯಿ, ಮೊಸರು ಟರ್ಕಿಯವರ ಅಂಗಡಿಯಲ್ಲಿ ಸಿಗುತ್ತವೆ. ಸಬ್ಬಸಿಗೆ ಎಲ್ಲೆಲ್ಲೂ ಇದೆ. ಕಷ್ಟ ಇರುವುದು ಪುಂಡಿಗೆ. ವಸಂತದಲ್ಲಿ ಜರ್ಮನಿಯ ಸಂತೆಗೆ "ಸಾವರ್‌ಆಂಪ್ಫರ್" ಅನ್ನುವ ಹುಳಿ ಸೊಪ್ಪು ಬರುತ್ತದೆ. ತೊಗರಿಬೇಳೆ ಮತ್ತು ಒಂದು ಹಿಡಿ ಜೋಳದ ನುಚ್ಚು ಮೊದಲೇ ಬೇಯಿಸಿಕೊಂಡು, ಸೊಪ್ಪನ್ನು ಕೊನೆಗೆ ಹಾಕಿ, ಎರಡು ನಿಮಿಷಕ್ಕೆ ಕರಗಿಹೋಗುತ್ತದೆ. ಬಳ್ಳೊಳ್ಳಿ ಒಗ್ಗರಣೆ ಕೈಬಿಚ್ಚಿ ಹಾಕಿ. ಪುಂಡಿಯ ನಾರಿನ ಗಟ್ಟಿತನ ಇಲ್ಲ, ಹುಳಿ ಇದೆ. ಅಷ್ಟಕ್ಕೆ ತೃಪ್ತಿ.

ಕೆಟ್ಟರೆ

ಅಂಚು ಸೀಳಿದರೆ ನಾದಿದ್ದು ಸಾಲದು. ಬಡಿಯುವಾಗ ನಡುವೆ ಹರಿದರೆ ಎಸರು ತಣ್ಣಗಿತ್ತು, ಇಲ್ಲವೇ ಹಿಟ್ಟು ಹಳೆಯದು. ಹಂಚಿಗೆ ಅಂಟಿದರೆ ಹಂಚು ಕಾದಿಲ್ಲ. ರೊಟ್ಟಿ ಹಲಗೆಯ ಹಾಗೆ ಬಿರುಸಾದರೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟಿದ್ದೀರಿ. ಉಬ್ಬದಿದ್ದರೆ ಚಿಂತೆ ಬೇಡ, ರುಚಿಗೇನೂ ಕಮ್ಮಿ ಇಲ್ಲ.

ಏನೂ ಕೂಡಿಬರದ ದಿನ ಮುಟಗಿ ಮಾಡಿ. ಹರಿದ ರೊಟ್ಟಿ ಬಿಸಿ ಇರುವಾಗಲೇ ಚೂರು ಮಾಡಿ, ಬಳ್ಳೊಳ್ಳಿ, ಹಸಿ ಮೆಣಸಿನಕಾಯಿ, ಜೀರಿಗೆ, ಉಪ್ಪು ಜಜ್ಜಿ ಹಾಕಿ, ಮೇಲೆ ಶೇಂಗಾ ಎಣ್ಣೆ ಅಥವಾ ಆ ಸಾವರ್‌ರಾಮ್ ತುಪ್ಪ ಬಿಟ್ಟು, ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿ. ಆರಿದ ರೊಟ್ಟಿಯಲ್ಲಿ ಉಂಡೆ ನಿಲ್ಲುವುದಿಲ್ಲ, ಕೈ ಸುಟ್ಟರೂ ಬಿಸಿಯಲ್ಲೇ ಒತ್ತಬೇಕು.